ಡಫರ್ ಎಂಬ ಶಬ್ದ ಮತ್ತು ಎರಡನೆಯ ಚೊಂಬು

ಡಫರ್ ಎಂಬ ಇಂಗ್ಲಿಷ್ ಶಬ್ದವನ್ನು ನನ್ನ ತಂದೆಯವರ ಹೆಸರಿಗೆ ಅಂಟಿಸಿ ಆಡಿದವರು ಮೂವರು. ಮೊದಲನೆಯವರು ಕೊಡಗಿನ ಅಂಚಿನಲ್ಲಿದ್ದ ಒಂದು ಕಾಫಿ ತೋಟದ ಇಂಗ್ಲಿಷ್ ದೊರೆ. ಎರಡನೆಯವರು ಮೈಸೂರಿನ ಒಬ್ಬ ಅಧಿಕಾರಿ. ಮೂರನೆಯವನು ನಾನು. ಮೊದಲಿನ ಇಬ್ಬರು ಆ ಮಾತನ್ನಾಡಿದಾಗ ಯಾವ ಬಟ್ಟೆ ತೊಟ್ಟಿದ್ದರು, ನಿಂತಿದ್ದರೋ ಕುಳಿತಿದ್ದರೋ, ಅಲ್ಲಿ ಯಾರು ನಕ್ಕರು ಎಂಬುದನ್ನು ಈಗಲೂ ಹೇಳಬಲ್ಲೆ. ಮರೆಯುವುದು ದೊಡ್ಡ ಗುಣವೆಂದು ಹಲವರು ನನಗೆ ಉಪದೇಶ ಮಾಡಿದ್ದಾರೆ. ಉಪದೇಶ ಮಾಡಿದವರ ಮುಖಗಳೂ ನೆನಪಿನಲ್ಲಿವೆ.

ಈ ಶಬ್ದ ಈಗ ಯಾರ ಬಾಯಲ್ಲೂ ಅಷ್ಟಾಗಿ ಇಲ್ಲ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಶಾಲೆಗಳಲ್ಲಿ ಅದು ಸೀಮೆಸುಣ್ಣದಷ್ಟೇ ಸಾಮಾನ್ಯವಾಗಿತ್ತು. ಲೆಕ್ಕ ತಪ್ಪಿದವನು ಡಫರ್, ಕಾಗುಣಿತ ತಪ್ಪಿದವನು ಡಫರ್, ಮೇಷ್ಟರು ಕೇಳಿದ್ದು ಅರ್ಥವಾಗದೆ ಸುಮ್ಮನೆ ನಿಂತವನು ದೊಡ್ಡ ಡಫರ್. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯವನ್ನು ನೆಟ್ಟಗೆ ಬರೆಯಲಾಗದ ಮೇಷ್ಟರು ಕೂಡ ಈ ಒಂದು ಶಬ್ದವನ್ನು ದೊರೆಗಳ ಉಚ್ಚಾರಣೆಯಲ್ಲಿ ಆಡುತ್ತಿದ್ದರು. ನನ್ನ ತರಗತಿಯಲ್ಲಿ ನಾನದನ್ನು ಒಮ್ಮೆಯೂ ಬಳಸಲಿಲ್ಲ. ಮಕ್ಕಳ ಮೇಲಿನ ಕರುಣೆಯಿಂದ ಬಳಸಲಿಲ್ಲವೆಂದು ಹೇಳಿಕೊಳ್ಳಲಾರೆ. ಕಾರಣ ಬೇರೆ ಇತ್ತು.

ನನ್ನ ತಂದೆ ಹುಣಸೂರಿನಲ್ಲಿ ಎತ್ತಿನ ಗಾಡಿಯ ಗಾಲಿ ಮಾಡುತ್ತಿದ್ದರು. ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಹುಣಸೆಮರದ ಕೆಳಗೆ, ಮೂರು ಕಡೆ ಗೋಡೆ ಇದ್ದು ನಾಲ್ಕನೆಯ ಕಡೆ ರಸ್ತೆಗೆ ತೆರೆದಿದ್ದ ಒಂದು ಕೊಟ್ಟಿಗೆಯೇ ಅವರ ಕಾರ್ಖಾನೆ. ಮನೆಯಲ್ಲಿ ನಮ್ಮ ಮಾತು ಉರ್ದು. ಕೊಟ್ಟಿಗೆಯಲ್ಲಿ ಮಾತ್ರ ಎಲ್ಲರೂ ಕನ್ನಡವನ್ನೇ ಆಡಬೇಕೆಂದು ಅಬ್ಬಾ ಕಟ್ಟು ಮಾಡಿದ್ದರು. ಕಬ್ಬಿಣದ ಪಟ್ಟೆ ಕಾಯಿಸುವ ಕಮ್ಮಾರನಿಗೆ ಉರ್ದು ಬಾರದು. ಅವನ ಎದುರಿಗೆ ಅವನಿಗೆ ತಿಳಿಯದ ಮಾತನ್ನಾಡಿದರೆ ತನ್ನನ್ನೇ ಆಡಿಕೊಂಡರೆಂದು ಅವನು ತಿಳಿಯಬಹುದು ಎಂಬುದು ಅವರ ವಾದ. ಹಾಗಾಗಿ ಅಬ್ಬಾ ನನ್ನೊಡನೆ ಆಡಿದ ಕೆಲಸದ ಮಾತುಗಳೆಲ್ಲ ಕನ್ನಡದಲ್ಲಿಯೇ ನೆನಪಿವೆ.

ಮರ ಹೆಗ್ಗಡದೇವನ ಕೋಟೆಯ ಕಡೆಯಿಂದ ಬರುತ್ತಿತ್ತು. ಬಂದ ಮರವನ್ನು ಅಬ್ಬಾ ಒಂದು ಮಳೆಗಾಲವೆಲ್ಲ ಕೆರೆಯ ಕೆಸರಿನಲ್ಲಿ ಹೂಳಿಸುತ್ತಿದ್ದರು, ಆಮೇಲೆ ಒಂದು ಬೇಸಿಗೆ ನೆರಳಿನಲ್ಲಿ ಒಣಗಿಸುತ್ತಿದ್ದರು. ಮರದ ಹೊರಗಿನ ಬಿಳಿಭಾಗವನ್ನು ಕೆತ್ತಿ ಎಸೆದು ಒಳಗಿನ ಚೇಗನ್ನು ಮಾತ್ರ ಬಳಸುತ್ತಿದ್ದರು. ಇದನ್ನು ಎಲ್ಲ ಒಳ್ಳೆಯ ಕೆಲಸಗಾರರೂ ಮಾಡುತ್ತಿದ್ದರು. ಆದರೆ ನಮ್ಮ ಕೊಟ್ಟಿಗೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಅದು ತಿಳಿಯದೆ ಮುಂದಿನದು ಅರ್ಥವಾಗದು.

ಹೊಸ ಗಾಲಿಯನ್ನು ಬಣ್ಣವಿಲ್ಲದೆ, ಎಣ್ಣೆಯಿಲ್ಲದೆ, ಬರಿಮೈಯಲ್ಲಿಯೇ ಕೊಡಬೇಕು. ಕೊಳ್ಳುವವನು ನಡುಹಗಲಿನಲ್ಲಿ ಬರಬೇಕು. ಗಾಲಿಯನ್ನು ಬಿಸಿಲಿನಲ್ಲಿ ಕಲ್ಲಿಗೆ ಒರಗಿಸಿಟ್ಟು ಅಬ್ಬಾ ಅವನ ಕೈಗೆ ಒಂದು ಹಿತ್ತಾಳೆ ಚೊಂಬು ಕೊಡುತ್ತಿದ್ದರು. ಅವನೇ ತೊಟ್ಟಿಯಿಂದ ನೀರು ತುಂಬಿ, ಗಾಲಿಯ ನಡುಗುಂಬದ ಮೇಲೂ ಅದರಿಂದ ಹೊರಟ ಒಂದೊಂದು ಅರೆಯ ಮೇಲೂ ಸುತ್ತಿನ ಬಳೆಯ ಮೇಲೂ ಹುಯ್ಯಬೇಕು. ಆಮೇಲೆ ಒಂದು ವೀಳ್ಯ ಮೆಲ್ಲುವಷ್ಟು ಹೊತ್ತು ಕಾಯಬೇಕು. ಮರದ ಮೈ ಬೇಗ ಒಣಗುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಅಲ್ಲಿ ನೀರು ನಿಂತು, ಒದ್ದೆಯ ಗೆರೆಯೊಂದು ಕಪ್ಪಗೆ ಉಳಿಯುತ್ತದೆ. ಗೆರೆ ಉಳಿಯದಿದ್ದರೆ ಕೊಳ್ಳುವವನು ಚೊಂಬನ್ನು ಬೋರಲು ಹಾಕುತ್ತಿದ್ದ. ಅಲ್ಲಿಗೆ ವ್ಯವಹಾರ ಮುಗಿಯಿತು. ನೀರು ಒಣಗುವವರೆಗೂ ಅಬ್ಬಾ ಗಾಲಿಗೆ ಬೆನ್ನು ತಿರುಗಿಸಿ ರಸ್ತೆಯನ್ನು ನೋಡುತ್ತ ನಿಂತಿರುತ್ತಿದ್ದರು. ಮಾತಾಡುತ್ತಿರಲಿಲ್ಲ.

"ನೀರು ಮಾತಾಡೋವಾಗ ಮಾಡ್ದೋನು ಬಾಯಿ ಮುಚ್ಕಂಡಿರ್ಬೇಕು" ಎಂದು ಅವರು ಹೇಳುತ್ತಿದ್ದರು.

ಬಣ್ಣವೇನಿದ್ದರೂ ಗಾಲಿ ಒಂದು ಮುಂಗಾರು, ಒಂದು ಸುಗ್ಗಿ ಉರುಳಿ ಬಂದ ಮೇಲೆ. ಅದಕ್ಕೆ ಮೊದಲೇ ಬಳಿದ ಬಣ್ಣ ಬಿರುಕನ್ನೂ ಬಿಳಿಮರವನ್ನೂ ಮುಚ್ಚುತ್ತದೆ. ಸಂತೆಗಳಲ್ಲಿ ಬಣ್ಣದ ಹೊಸ ಗಾಲಿ ಮಾರುವವರು ಇದ್ದರು. ಅವರಿಂದ ಕೊಂಡವರು ಎರಡನೆಯ ವರ್ಷ ನಮ್ಮಲ್ಲಿಗೆ ಬರುತ್ತಿದ್ದರು. ಗಾವಡಗೆರೆಯಿಂದ, ಹೊಸ ಅಗ್ರಹಾರದಿಂದ, ದೂರದ ಎನ್. ಬೇಗೂರಿನಿಂದ ರೈತರು ಬಂದು ನಡುಹಗಲಿಗಾಗಿ ಹುಣಸೆಮರದ ಕೆಳಗೆ ಕಾಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಶಿವಭಕ್ತರು, ನಮ್ಮ ಮನೆಯ ನೀರನ್ನು ಕುಡಿಯದವರು. ಬಾಯಾರಿದರೆ ರಸ್ತೆ ದಾಟಿ ಬೇರೆ ಬಾವಿಗೆ ಹೋಗುತ್ತಿದ್ದರು. ಆದರೆ ಆ ಚೊಂಬನ್ನು ಮಾತ್ರ ಯಾವ ಸಂಕೋಚವೂ ಇಲ್ಲದೆ ಹಿಡಿಯುತ್ತಿದ್ದರು. ನಾನು ಇದನ್ನು ಗಮನಿಸಿದ್ದೆ. ಅಬ್ಬಾ ಗಮನಿಸಿದ್ದರೋ ಇಲ್ಲವೋ, ಅದರ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ.

ನಾನು ಹೇಳುತ್ತಿರುವ ವರ್ಷ ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಹಿಂದಿನದು. ನನಗೆ ಇಪ್ಪತ್ತನಾಲ್ಕು. ಗಾವಡಗೆರೆಯ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಸಹಾಯಕ ಉಪಾಧ್ಯಾಯ. ಮೈಸೂರಿನಲ್ಲಿ ಉಪಾಧ್ಯಾಯರ ತರಬೇತಿಗೆ ಸೇರಿ, ಮುಗಿಸಿ, ಪೇಟೆಯ ಹೈಸ್ಕೂಲಿಗೆ ಹೋಗಬೇಕೆಂಬುದೊಂದೇ ನನ್ನ ಆಸೆ. ಎರಡು ಸಲ ಅರ್ಜಿ ಹಾಕಿದ್ದೆ, ಎರಡು ಸಲವೂ ಸಿಕ್ಕಿರಲಿಲ್ಲ. ನನಗಿಂತ ಕಡಿಮೆ ಅಂಕ ಪಡೆದಿದ್ದ ಒಬ್ಬರಿಗೆ ಸಿಕ್ಕಿತ್ತು. ಯಾರಾದರೂ ಇಂಗ್ಲಿಷ್ ದೊರೆಯಿಂದ ಒಂದು ಶಿಫಾರಸು ಪತ್ರ ತಂದರೆ ಬಾಗಿಲು ತಾನಾಗಿ ತೆರೆಯುತ್ತದೆ ಎಂದು ಅವರೇ ನನ್ನ ಬೆನ್ನು ತಟ್ಟಿ ಹೇಳಿದ್ದರು. ಬೆನ್ನು ತಟ್ಟಿದ್ದು ಎರಡು ಸಲ.

ಆ ಬೇಸಿಗೆ ರಜೆಯಲ್ಲಿ ತೋಟದ ರೈಟರು ನಮ್ಮ ಕೊಟ್ಟಿಗೆಗೆ ಬಂದರು. ತೋಟದ ಕಚೇರಿಯ ಗುಮಾಸ್ತರನ್ನು ಆ ಕಡೆ ರೈಟರು ಎನ್ನುತ್ತಾರೆ. ಇವರು ಮೈಸೂರಿನ ಕಡೆಯವರು, ಕೋಟಿನ ಮೇಲೆ ಜರಿಯ ಉತ್ತರೀಯ ಹೊದ್ದಿದ್ದರು. ತೋಟಕ್ಕೆ ಆರು ಜೊತೆ ಹೊಸ ಗಾಲಿ ಬೇಕು ಎಂದು ಮೊದಲೇ ಹೇಳಿ ಹೋಗಿದ್ದರು. ಅವು ಆಗಲೇ ಸಿದ್ಧವಾಗಿದ್ದವು. ಈಗ ಗಾಡಿಯೊಂದರಲ್ಲಿ ಬಣ್ಣದ ಡಬ್ಬಗಳನ್ನು ತಂದು ಇಳಿಸಿದರು.

"ಕೆಂಪು ಬಣ್ಣ, ಮೇಲೆ ಹಳದಿ ಗೆರೆ. ದೊರೆಗಳ ಅಪ್ಪಣೆ. ಯಾರೋ ದೊಡ್ಡವರು ತೋಟ ನೋಡೋದಕ್ಕೆ ಬರ್ತಾರೆ" ಎಂದರು.

"ಬರ್ಲಿ ಸ್ವಾಮಿ. ದೊರೆ ಬಂದು ನೀರಾಕಿ ನೋಡ್ಲಿ. ಬಣ್ಣ ಬರೋ ವರ್ಸ ನಾನೇ ಬಂದು ಬಳ್ಕೊಡ್ತೀನಿ" ಎಂದರು ಅಬ್ಬಾ.

"ದೊರೆಗಳು ಬಂದು ನಿಮ್ಮ ಗಾಲಿಗೆ ನೀರು ಹಾಕ್ತಾರಾ?"

"ಗಾಲಿ ಬೇಕಾದೋರು ಆಕ್ತಾರೆ."

"ಬೇರೆ ಗಾಲಿ ಮಾಡೋರು ಇಲ್ಲ ಅಂದ್ಕೊಂಡ್ರಾ ಸಾಬರೇ?"

"ಅವ್ರೆ ಸ್ವಾಮಿ. ಬೇಕಾದಷ್ಟು ಜನ ಅವ್ರೆ. ಡಬ್ಬ ಗಾಡಿಗೆ ಎತ್ತಿಸ್ಲಾ?"

ರೈಟರು ಡಬ್ಬಗಳನ್ನು ಅಲ್ಲಿಯೇ ಬಿಟ್ಟು ಹೋದರು. ಮೂರನೆಯ ದಿನ ದೊರೆಯನ್ನೇ ಕರೆತಂದರು. ನಡುಹಗಲು. ಅಂದು ಹೊಸ ಅಗ್ರಹಾರದ ಒಬ್ಬ ರೈತ ತನ್ನ ಎರಡು ಗಾಲಿಗಳಿಗೆ ನೀರು ಹಾಕಲು ಬಂದು ಮರದ ಕೆಳಗೆ ಕೂತಿದ್ದ. ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿಯೇ ಗಾಲಿ ಮಾಡಿಸುತ್ತಿದ್ದವನು, ಹಣೆಯ ತುಂಬ ವಿಭೂತಿ, ಮಾತಿಗೊಂದು ಕುಚೋದ್ಯ. ಕಮ್ಮಾರ ಕುಲುಮೆಯ ಹತ್ತಿರ ಇದ್ದ. ನಾನು ಮನೆಯಿಂದ ಕುರ್ಚಿ ತಂದು ಹಾಕಿದೆ. ದೊರೆ ಕುಳಿತರು. ಐವತ್ತರ ಆಸುಪಾಸಿನ ಮನುಷ್ಯ, ಖಾಕಿ ಷರಾಯಿ, ಮೊಣಕಾಲಿನವರೆಗೆ ಬರುವ ಬೂಟು. ದಾರಿಯಲ್ಲಿ ಎಲ್ಲಿಯೋ ಹಳ್ಳದಲ್ಲಿ ಇಳಿದಿದ್ದರೆಂದು ತೋರುತ್ತದೆ, ಬೂಟಿಗೆ ಕೆಸರು ಮೆತ್ತಿತ್ತು. ನನಗೆ ಇಂಗ್ಲಿಷ್ ಬರುತ್ತದೆಂದು ತಿಳಿದು ಸಂತೋಷಪಟ್ಟರು. ಎಲ್ಲಿ ಕೆಲಸ, ಏನು ಓದು ಎಂದು ವಿಚಾರಿಸಿದರು. ನನ್ನ ತರಬೇತಿಯ ಆಸೆಯನ್ನು ನಾನು ಆ ಕ್ಷಣವೇ ಹೇಳಿ, ಒಂದು ಶಿಫಾರಸು ಪತ್ರ ಕೇಳಿದೆ. ನೋಡೋಣ ಎಂದರು.

ಅಷ್ಟರಲ್ಲಿ ಅಬ್ಬಾ ಬಂದರು. ಕೊಳ್ಳುವವರೇ ನೀರು ತುಂಬಿಕೊಳ್ಳುವುದು ರೂಢಿಯಾದರೂ ದೊರೆಯೆಂಬ ಮರ್ಯಾದೆಗೆ ತಾವೇ ಚೊಂಬು ತುಂಬಿ ತಂದಿದ್ದರು. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಗಾಲಿ ಬಿಸಿಲಿನಲ್ಲಿ ಕಲ್ಲಿಗೆ ಒರಗಿತ್ತು. ಆಮೇಲೆ ಅವರು ಪದ್ಧತಿಯಂತೆ ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತರು.

ದೊರೆ ಚೊಂಬನ್ನು ನೋಡಿದರು, ತಮ್ಮ ಬೂಟನ್ನು ನೋಡಿಕೊಂಡರು. ಮುಖ ಅರಳಿತು. ಕುರ್ಚಿಯಲ್ಲಿ ಕೂತಂತೆಯೇ ಕಾಲು ಚಾಚಿ ಬೂಟಿನ ಮೇಲೆ ನೀರು ಹುಯ್ದುಕೊಂಡು, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿ, ಕೆಸರು ತೊಳೆದುಕೊಂಡರು. ಮುದುಕ ಡಫರ್ ಎಷ್ಟು ಒಳ್ಳೆಯವನು, ಅವನಿಗೆ ನನ್ನ ವಂದನೆ ತಿಳಿಸು, ಹಾಗೆಯೇ ಬಣ್ಣವನ್ನು ಬೇಗ ಮುಗಿಸಲು ಹೇಳು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. 'ಓಲ್ಡ್ ಡಫರ್' ಎಂಬ ಎರಡು ಶಬ್ದಗಳನ್ನು ಅವರು ಬೈಗುಳದ ದನಿಯಲ್ಲಿ ಆಡಲಿಲ್ಲ. ಮನೆಯ ಮುದಿ ನಾಯಿಯನ್ನು ಕರೆಯುವ ಸಲಿಗೆಯ ದನಿ ಅದು. ವಾಕ್ಯ ಮುಗಿಯುವ ಮೊದಲೇ ರೈಟರು ನಕ್ಕರು. ಇದನ್ನು ಮುಖ್ಯವಾಗಿ ಬರೆದಿಡಬೇಕು: ದೊರೆ ನಗಲಿಲ್ಲ, ನಕ್ಕವರು ರೈಟರು.

ನೀರಿನ ಸದ್ದು ಗಾಲಿಯ ಕಡೆಯಿಂದ ಬರಲಿಲ್ಲವೆಂದು ಅಬ್ಬಾ ತಿರುಗಿದರು. ಒದ್ದೆ ಬೂಟನ್ನೂ ಬರಿದಾದ ಚೊಂಬನ್ನೂ ನೋಡಿದರು.

"ಏನಂದ್ರು?" ಎಂದು ನನ್ನನ್ನು ಕೇಳಿದರು.

ಕಮ್ಮಾರ ನೋಡುತ್ತಿದ್ದ. ಮರದ ಕೆಳಗಿನ ರೈತ ಎದ್ದು ನಿಂತಿದ್ದ. ಆ ಶಬ್ದಕ್ಕೆ ಪೆದ್ದ, ಕೈಲಾಗದವನು ಎಂದು ಅರ್ಥವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬಣ್ಣ ಬಳಿಯದಿದ್ದರೆ ಪತ್ರ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು.

"ಡಫರ್ ಅಂದ್ರು. ವಯಸ್ಸಾದೋರನ್ನ ಪ್ರೀತಿಯಿಂದ ಅಂಗೆ ಕರೀತಾರೆ ಅಬ್ಬಾ" ಎಂದೆ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. "ನಿಮ್ಮ ಕೈಯ ಮೇಲೆ ಅಷ್ಟು ನಂಬಿಕೆಯಂತೆ. ನಿಮ್ಮ ಗಾಲಿಗೆ ನೀರು ಹಾಕಿ ನೋಡೋದೇ ಬೇಡ, ಬಣ್ಣ ಬಳಿದೇ ಕೊಡಿ ಅಂತಾರೆ."

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಗಾಲಿ ಮಾಡತೊಡಗಿದ ಮೂವತ್ತು ವರ್ಷಗಳಲ್ಲಿ ಯಾವ ರೈತನೂ, ಸ್ವಂತ ನೆಂಟನೂ, ನೀರು ಬೇಡವೆಂದು ಅಬ್ಬಾಗೆ ಹೇಳಿರಲಿಲ್ಲ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದೊರೆಯ ಕೈಯಿಂದ ಚೊಂಬು ತೆಗೆದುಕೊಂಡು, "ಆಯ್ತು, ಬಳೀತೀನಿ ಅಂತೇಳು" ಎಂದರು. ದೊರೆ ಏಳುವಾಗ ಕುರ್ಚಿಯನ್ನು ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದರು. ಅದು ನಮ್ಮ ಮನೆಯಲ್ಲಿದ್ದ ಒಂದೇ ಕುರ್ಚಿ.

ಹೊಸ ಅಗ್ರಹಾರದ ರೈತ ಅಂದು ತನ್ನ ಗಾಲಿಗೆ ನೀರು ಹಾಕದೆ, ಇನ್ನೊಂದು ದಿನ ಬರುತ್ತೇನೆಂದು ಹೊರಟುಹೋದ.

ಬಣ್ಣ ಬಳಿಯುವ ಹಿಂದಿನ ಮಧ್ಯಾಹ್ನ ಅಬ್ಬಾ ಹನ್ನೆರಡು ಗಾಲಿಗಳನ್ನೂ ಸಾಲಾಗಿ ನಿಲ್ಲಿಸಿ ತಾವೇ ನೀರು ಹಾಕಿ ನೋಡಿದರು. ಒಂದರಲ್ಲಿಯೂ ಗೆರೆ ಉಳಿಯಲಿಲ್ಲ. ಇದಕ್ಕೆ ನಾನು ಸಾಕ್ಷಿ. ಮಾರನೆಯ ದಿನ ಕೆಂಪು ಬಳಿದರು, ಅದು ಒಣಗಿದ ಮೇಲೆ ಹಳದಿ ಗೆರೆ ಎಳೆದರು. ಅಂತಹ ನೆಟ್ಟನೆಯ ಗೆರೆಯನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಬಣ್ಣ ಪೂರ್ತಿ ಒಣಗಲು ಗಾಲಿಗಳು ಒಂದು ವಾರ ರಸ್ತೆಯ ಬದಿಯಲ್ಲಿ ಒರಗಿ ನಿಂತವು. ಆ ವಾರ ಪಿರಿಯಾಪಟ್ಟಣದ ಕಡೆ ಹೋಗುವ, ಬರುವ ಗಾಡಿಗಳೆಲ್ಲ ಅವನ್ನು ನೋಡಿಕೊಂಡೇ ಹೋದವು.

"ಏನ್ ಸಾಬರೇ, ಗಾಲಿಗೆ ಮದ್ವೆ ಮಾಡ್ತಿದ್ದೀರಾ?" ಎಂದು ಒಬ್ಬ ಗಾಡಿಯಲ್ಲಿ ಕುಳಿತೇ ಕೇಳಿದ.

ಅವನ ಪಕ್ಕದವನು, "ಗಂಡಿನ ಮೊಕ ನೆಟ್ಟಗಿಲ್ದಿದ್ರೆ ಬಾಸಿಂಗ ದೊಡ್ಡದು ಕಟ್ತಾರೆ ಕಣ್ಲಾ" ಎಂದ. ಇಬ್ಬರೂ ನಕ್ಕರು. ಎತ್ತುಗಳು ನಿಲ್ಲಲಿಲ್ಲ. ಅಬ್ಬಾ ಮರ ಕೆತ್ತುವ ಬಾಚಿ ಮಸೆಯುತ್ತಿದ್ದರು, ತಲೆ ಎತ್ತಲಿಲ್ಲ.

ರೈಟರು ಬಂದು ಗಾಲಿ ಒಯ್ದರು. ಹೋಗುವಾಗ ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ಅಂಟು ಹಾಕಿರಲಿಲ್ಲ. ಪತ್ರ ಚಿಕ್ಕದು. ಇದನ್ನು ತರುವ ಯುವಕ ನನಗೆ ಗಾಲಿ ಮಾಡಿಕೊಡುವ ಮುದುಕ ಡಫರನ ಮಗ, ಆದರೆ ಇವನು ಡಫರ್ ಅಲ್ಲ, ಇಂಗ್ಲಿಷನ್ನು ಚೆನ್ನಾಗಿ ಆಡುತ್ತಾನೆ, ಇವನಿಗೆ ಅವಕಾಶ ಕೊಟ್ಟರೆ ಸಂತೋಷ ಎಂದು ದೊರೆ ಬರೆದಿದ್ದರು. ಅದನ್ನು ಹಿಂದಕ್ಕೆ ಕೊಡಲಿಲ್ಲ. ಆ ವಾಕ್ಯವಿಲ್ಲದ ಇನ್ನೊಂದು ಪತ್ರವನ್ನು ಕೇಳಲೂ ಇಲ್ಲ. ಅಬ್ಬಾ ಅದರಲ್ಲಿ ಏನಿದೆಯೆಂದು ಕೇಳಿದಾಗ, ಒಳ್ಳೆಯ ಮಾತು ಬರೆದಿದ್ದಾರೆ ಎಂದೆ. ಬಸ್ಸಿನಲ್ಲಿ ಮೈಸೂರಿಗೆ ಹೋಗಿ ತರಬೇತಿಗೆ ಆರಿಸುವ ಅಧಿಕಾರಿಯ ಮುಂದೆ ಇಟ್ಟೆ. ಅವರು ಬಿಳಿಯ ಪೇಟ ಕಟ್ಟಿದ್ದರು. ಪತ್ರವನ್ನು ಗಟ್ಟಿಯಾಗಿ ಓದಿದರು, ಆ ಸಾಲಿಗೆ ಬಂದಾಗ ನಿಂತು, ಮೇಜಿನ ಬಳಿಯಿದ್ದ ಗುಮಾಸ್ತರ ಮುಖ ನೋಡಿ ನಕ್ಕರು. "ಏನಯ್ಯಾ, ನಿಮ್ಮ ತಂದೆ ಡಫರೋ?" ಎಂದು ಕೇಳಿದರು. ನಾನು ಏನೂ ಹೇಳಲಿಲ್ಲ. ಮೌನವನ್ನು ಅವರು ಹೌದೆಂದು ತಿಳಿದರು. ತರಬೇತಿಗೆ ಸೀಟು ಸಿಕ್ಕಿತು.

ಮೈಸೂರಿನಲ್ಲಿ ಮೊದಲ ತಿಂಗಳುಗಳಲ್ಲಿ ನಾನು ಏನು ಓದಿದೆ, ಏನು ತಿಂದೆ ಎಂಬುದು ಸರಿಯಾಗಿ ನೆನಪಿಲ್ಲ. ನನ್ನಂಥವನಿಗೆ ಇದು ವಿಚಿತ್ರ. ಒಂದು ದಿನ ಮಾತ್ರ ಸ್ಪಷ್ಟವಾಗಿದೆ. ವಾಚನಾಲಯದಲ್ಲಿ ಎರಡೂ ಕೈಯಿಂದ ಎತ್ತಬೇಕಾದಂಥ ಒಂದು ಇಂಗ್ಲಿಷ್ ನಿಘಂಟು ಇತ್ತು. ಶಬ್ದಗಳ ಅರ್ಥವನ್ನಷ್ಟೇ ಅಲ್ಲದೆ ಅವು ಎಲ್ಲಿಂದ ಬಂದವೆಂಬುದನ್ನೂ ಅದು ಹೇಳುತ್ತಿತ್ತು. ನಾನು ಬೇರೊಂದು ಶಬ್ದಕ್ಕಾಗಿ ಪುಟ ತಿರುವುತ್ತಿದ್ದೆನೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಅದನ್ನೇ ಹುಡುಕಿದೆ.

ಡಫರ್: ಬುದ್ಧಿ ಮಂದವಾದವನು, ಕೆಲಸ ಬಾರದವನು. ಆಡುಮಾತಿನ ಶಬ್ದ, ಗ್ರಂಥಗಳದ್ದಲ್ಲ. ಮೂಲ ಖಚಿತವಿಲ್ಲ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಮಂಕನಿಗೆ ಹೇಳುವ ಒಂದು ಶಬ್ದದಿಂದ ಬಂದಿರಬಹುದು. ಇನ್ನೊಂದು ದಾರಿಯೂ ಇರಬಹುದು. ಅದಕ್ಕೆ ಹಿಂದೆ ಲಂಡನ್ ಪಟ್ಟಣದ ಬೀದಿಗಳಲ್ಲಿ ಡಫರ್ ಎಂದರೆ ಒಂದು ಬಗೆಯ ತಲೆಹೊರೆ ವ್ಯಾಪಾರಿ. ಕೆಲಸಕ್ಕೆ ಬಾರದ ಸರಕನ್ನು ಹೊತ್ತು ತಂದು, ಇದು ಸುಂಕ ತಪ್ಪಿಸಿ ತಂದ ಬೆಲೆಬಾಳುವ ಮಾಲು ಎಂದು ಕಿವಿಯಲ್ಲಿ ಪಿಸುಗುಟ್ಟಿ ಮಾರುವವನು. ಆ ಕಸುಬಿನವರ ಗುಟ್ಟುಭಾಷೆಯಲ್ಲಿ ಹಳೆಯದಕ್ಕೆ ಹೊಳಪು ಕೊಟ್ಟು ಹೊಸದರಂತೆ ಕಾಣಿಸುವ ಕೆಲಸಕ್ಕೂ ಅದೇ ಮೂಲದ ಶಬ್ದವಿತ್ತು. ಹೀಗೆ ಮೋಸದ ಸರಕು ಮಾರುವವನು, ಮೋಸದ ಸರಕು, ಕೆಲಸಕ್ಕೆ ಬಾರದ್ದು, ಕೆಲಸಕ್ಕೆ ಬಾರದ ಮನುಷ್ಯ ಎಂದು ಶಬ್ದ ಒಂದೊಂದೇ ಮೆಟ್ಟಿಲು ಇಳಿದು ಬಂದಿರಬೇಕೆಂದು ವಿದ್ವಾಂಸರ ಊಹೆ. ಹಡಗು ಹತ್ತಿ ನಮ್ಮ ಕಡೆಗೆ ಬರುವ ಹೊತ್ತಿಗೆ ಕೊನೆಯ ಮೆಟ್ಟಿಲಷ್ಟೇ ಉಳಿದಿತ್ತು. ದೊರೆಗೆ ಹಳೆಯ ಕಥೆ ತಿಳಿದಿರಲಾರದು. ಅಧಿಕಾರಿಗೆ ಖಂಡಿತ ತಿಳಿದಿರಲಿಲ್ಲ.

ನಾನು ಆ ಪುಟವನ್ನು ಒಂದು ಕಾಗದಕ್ಕೆ ನಕಲು ಮಾಡಿಕೊಂಡೆ. ಸಿಟ್ಟು ಬರುತ್ತದೆಂದು ಕಾದೆ. ಸಿಟ್ಟು ನನಗೆ ಸುಲಭವಾಗಿ ಬರುವಂಥದು, ಅದರಲ್ಲಿ ನನಗೆ ಅಭ್ಯಾಸವಿದೆ. ಬರಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಮದ್ದು ಹಾಕಿದಾಗ ಬೆರಳಿನಿಂದ ಮುಟ್ಟಿದರೂ ತನ್ನದಲ್ಲ ಎನ್ನಿಸುತ್ತದೆಯಲ್ಲ, ಹಾಗೆ ಇತ್ತು. ವಾಚನಾಲಯದ ಗಂಟೆ ಹೊಡೆದಾಗ ನಿಘಂಟನ್ನು ಅದರ ಜಾಗದಲ್ಲಿಟ್ಟು ಬಂದೆ.

ರಜೆಗೆ ಊರಿಗೆ ಹೋದಾಗ ಕೊಟ್ಟಿಗೆಯ ತೊಟ್ಟಿಯ ಕಟ್ಟೆಯ ಮೇಲೆ ಎರಡು ಚೊಂಬುಗಳಿದ್ದವು. ಒಂದು ಹಳೆಯ ಹಿತ್ತಾಳೆಯದು. ಇನ್ನೊಂದು ಮನೆಯಿಂದ ತಂದ ತಾಮ್ರದ್ದು. ಯಾಕೆಂದು ಕಮ್ಮಾರನನ್ನು ಕೇಳಿದೆ. ಅವನು ಊದುವ ತಿದಿಯನ್ನು ನಿಲ್ಲಿಸದೆ ಹೇಳಿದ.

"ನೀವು ಓದಾಕೋದ್ಮೇಲೆ ಒಸ ಅಗ್ರಾರದ ಯಜಮಾನ್ರು ಬಂದ್ರಲ್ಲ ಮೇಷ್ಟ್ರೇ, ಅವತ್ತಿಂದ. ಒಂದು ಚೊಂಬು ಆಕುದ್ರು, ಒಣಗ್ತು, ಗೆರೆ ಪರೆ ಏನೂ ಇರ್ನಿಲ್ಲ. ಚೊಂಬು ಬೋರ್ಲಾಕ್ನಿಲ್ಲ. ಕೈಯಲ್ಲೇ ಇಟ್ಕಂಡು ನಿಂತ್ರು. 'ಇನ್ನೊಂದು ಚೊಂಬು ಕೊಡಿ ಸಾಬರೇ, ಬ್ಯಾಸರ ಮಾಡ್ಕಬೇಡಿ' ಅಂದ್ರು."

"ಅಬ್ಬಾ ಏನಂದರು?"

"ಏನಂದಾರು? ತುಂಬ್ಕೊಟ್ರು. ಯಜಮಾನ್ರು ಅದುನ್ನೂ ಆಕಿ ನೋಡಿ, ಒಪ್ಕಂಡು, ಗಾಲಿ ತಗಂಡೋದ್ರು. ಆಮ್ಯಾಕೆ ಬಂದೋರೂ ಎಲ್ರೂ ಎರಡೆರಡು ಆಕ್ತಾರೆ. ಕೇಳೋಕೆ ಅವುರ್ಗೂ ಇರುಸುಮುರುಸು. ಅದುಕ್ಕೇ ನಿಮ್ಮಪ್ಪಾರೇ ಎರಡು ತಂದು ಮಡಗ್ಬುಟ್ಟವ್ರೆ."

ಯಾರೂ ಗಾಲಿ ಕೊಳ್ಳುವುದನ್ನು ನಿಲ್ಲಿಸಿರಲಿಲ್ಲ. ಕೆಲಸ ಮೊದಲಿನಷ್ಟೇ ಇತ್ತು. ಯಾರೂ ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ. ಎರಡನೆಯ ಚೊಂಬನ್ನು ಕೇಳಿದವನು ಕ್ಷಮೆಯನ್ನೂ ಕೇಳಿದ್ದ. ಕೊಳ್ಳುವವನು ನೀರು ಹಾಕದೆ ಬಣ್ಣದ ಗಾಲಿ ಕೊಟ್ಟವರ ಮೇಲೆ ಒಂದು ಚೊಂಬಿನಷ್ಟು ನಂಬಿಕೆ ಕಡಿಮೆಯಾಗಿತ್ತು, ಅಷ್ಟೇ. ಇಂಥದ್ದನ್ನು ಯಾರ ಮೇಲೆ ಹೊರಿಸಬೇಕೆಂದು ನನಗೆ ತಿಳಿಯಲಿಲ್ಲ. ದೊರೆಯ ಮೇಲೆ ಹೊರಿಸಲು ನೋಡಿದೆ. ಅವರು ಕೇಳಿದ್ದು ಬಣ್ಣ ಮಾತ್ರ. ನಂಬಿಕೆಯ ಮಾತು ಅವರದಲ್ಲ.

ಅಂದು ಮಧ್ಯಾಹ್ನ ಊಟವಾದ ಮೇಲೆ ಅಬ್ಬಾ ಅರೆಯೊಂದನ್ನು ಕೆತ್ತುತ್ತಿದ್ದರು. ನಾನು ಎದುರಿಗೆ ಮರದ ದಿಮ್ಮಿಯ ಮೇಲೆ ಕುಳಿತೆ. ನಕಲು ಮಾಡಿದ ಕಾಗದ ಜೇಬಿನಲ್ಲಿತ್ತು. ಕಮ್ಮಾರ ಉಣ್ಣಲು ಮನೆಗೆ ಹೋಗಿದ್ದ, ಉರ್ದುವಿನಲ್ಲಿಯೇ ಮಾತಾಡಬಹುದಿತ್ತು. ಕೊಟ್ಟಿಗೆಯಲ್ಲಿ ಆ ಭಾಷೆ ಬಾಯಿಗೆ ಬರಲಿಲ್ಲ.

"ಅಬ್ಬಾ, ಅವತ್ತು ದೊರೆ ನಿಮ್ಮನ್ನ ಡಫರ್ ಅಂದಿದ್ದು. ಅದಕ್ಕೆ ಪ್ರೀತಿ ಅಂತ ಅರ್ಥ ಅಲ್ಲ. ದಡ್ಡ ಅಂತ."

ಅವರು ಕೆತ್ತುತ್ತಲೇ ಇದ್ದರು. ನಾನು ಮುಂದುವರಿಸಿದೆ. ಹಿಂದಿನ ಕಾಲದಲ್ಲಿ ಅವರ ದೇಶದಲ್ಲಿ ಆ ಮಾತು ಯಾರಿಗೆ ಸಲ್ಲುತ್ತಿತ್ತು, ಆ ವ್ಯಾಪಾರಿಗಳು ಏನು ಮಾಡುತ್ತಿದ್ದರು, ಹಳೆಯದಕ್ಕೆ ಹೇಗೆ ಹೊಳಪು ಕೊಡುತ್ತಿದ್ದರು ಎಂದು ಕಾಗದ ನೋಡದೆ ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆ ಹೇಳಿದೆ. ಪತ್ರದಲ್ಲಿದ್ದ ಸಾಲನ್ನೂ ಹೇಳಿದೆ. ಕೊನೆಗೆ ಉಳಿದದ್ದನ್ನು ಹೇಳಿದೆ.

"ನೀರು ಬೇಡ ಅಂತ ದೊರೆ ಹೇಳ್ಲಿಲ್ಲ. ನಂಬಿಕೆ ಅಂತಾನೂ ಹೇಳ್ಲಿಲ್ಲ. ಅದು ನಾನು ಸೇರಿಸಿದ್ದು."

ಅಬ್ಬಾ ಬಾಚಿಯನ್ನು ಕೆಳಗಿಟ್ಟು, ಅರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಅದರ ನೇರ ನೋಡಿದರು.

"ಗೊತ್ತು ಕಣೋ" ಎಂದರು. "ಆ ಮನ್ಸ ಬೂಟು ತೊಳ್ಕಂಡಾಗ್ಲೇ ಗೊತ್ತಾಯ್ತು. ನೀರು ಯಾತಕ್ಕೆ ಅಂತಾನೇ ತಿಳೀದೋನು, ನೀರು ಬ್ಯಾಡ ಅಂತ ಎಂಗೆ ಅಂದಾನು?"

ಇದು ನನಗೆ ಹೊಳೆದಿರಲಿಲ್ಲ. ಇಂಗ್ಲಿಷ್ ವಾಕ್ಯಗಳ ತಪ್ಪನ್ನು ಹುಡುಕಿ ಕೆಂಪು ಶಾಯಿಯಲ್ಲಿ ಗುರುತಿಸುವವನು ನಾನು. ನನ್ನ ಸುಳ್ಳಿನಲ್ಲಿ ಅಷ್ಟು ದೊಡ್ಡ ತೂತು ಇದ್ದದ್ದು ಇಷ್ಟು ದಿನ ಕಾಣಿಸಿರಲಿಲ್ಲ.

"ಮತ್ತೆ ಯಾಕೆ ಬಳಿದ್ರಿ?"

"ನೀನು ಬಳೀರಿ ಅಂದೆ. ಬಳಿದೆ."

"ದೊರೆ ಅಂದ್ರು ಅಂತ ನೀವು ಬಳಿದ್ರಿ ಅಂದ್ಕೊಂಡಿದ್ದೆ—"

"ದೊರೆ ಮಾತ್ಗೆ ನಾನ್ಯಾಕೆ ಬಳೀಲಿ?" ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆಕ್ಷೇಪಣೆ ಇದ್ದಿದ್ದರೆ ನಾನು ಅದನ್ನು ಹಿಡಿದುಕೊಂಡು ಇಷ್ಟು ವರ್ಷ ಕಳೆಯಬಹುದಾಗಿತ್ತು. "ಆ ಅನ್ನೆರಡು ಗಾಲೀಲಿ ಒಂದು ಗೆರೆ ಇರ್ನಿಲ್ಲ. ನಾನೇ ನೋಡಿದ್ದೆ."

"ನಾನೂ ನೋಡಿದ್ದೆ ಅಬ್ಬಾ."

"ನಾವ್ ನೋಡುದ್ರೆ ಏನ್ ಬಂತು? ಕೊಳ್ಳೋನು ನೋಡ್ಬೇಕಿತ್ತು" ಎಂದರು. "ಬುಡು" ಎಂದು ಬಾಚಿ ಎತ್ತಿಕೊಂಡರು.

ಹೊರಗೆ ರಸ್ತೆಯಲ್ಲಿ ಗಾಡಿಯೊಂದು ಬಂದು ನಿಂತಿತು. ಗಾವಡಗೆರೆಯ ಕಡೆಯ ರೈತನೊಬ್ಬ ಇಳಿದು, ನೊಗ ಇಳಿಸಿ, ಎತ್ತುಗಳನ್ನು ಮರದ ನೆರಳಿಗೆ ಕಟ್ಟಿದ. ಅವನ ಮಗ ನನ್ನ ಶಾಲೆಯಲ್ಲಿ ಓದಿದ್ದವನು. ರೈತ ನನ್ನನ್ನು ಗುರುತಿಸಿ, "ಮೇಷ್ಟ್ರು ಯಾವಾಗ ಬಂದ್ರಿ? ಮೈಸೂರು ನೀರು ಇಡಿಸ್ದಂಗಿಲ್ಲ, ಬಡವಾಗಿದ್ದೀರಿ" ಎಂದ. ನಾನು ಏನೋ ಹೇಳಿದೆ. ಅಬ್ಬಾ ಅವನಿಗಾಗಿ ಮಾಡಿದ ಎರಡು ಗಾಲಿಗಳನ್ನು ಉರುಳಿಸಿಕೊಂಡು ಬಂದು ಬಿಸಿಲಿನಲ್ಲಿ ಕಲ್ಲಿಗೆ ಒರಗಿಸಿದರು. ಕಟ್ಟೆಯ ಮೇಲಿಂದ ಹಿತ್ತಾಳೆ ಚೊಂಬನ್ನು ಎತ್ತಿ ರೈತನ ಕೈಗೆ ಕೊಟ್ಟರು. ತಾಮ್ರದ ಚೊಂಬನ್ನು ನನ್ನ ಕಡೆ ಚಾಚಿದರು.

"ತುಂಬಿ ಇಡ್ಕಂಡಿರು. ಕೇಳ್ದಾಗ ಕೊಡು" ಎಂದರು.

ನಾನು ತೊಟ್ಟಿಯಲ್ಲಿ ಚೊಂಬು ತುಂಬಿಕೊಂಡೆ. ರೈತ ಗುಂಬದ ಮೇಲೆ ನೀರು ಹುಯ್ಯತೊಡಗಿದ. ಅಬ್ಬಾ ಗಾಲಿಗೆ ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತರು. ತುಂಬಿದ ಚೊಂಬನ್ನು ಎರಡು ಕೈಯಲ್ಲಿ ಹಿಡಿದು, ನಾನೂ ಅವರ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತೆ.